ನ್ಯೂ ವಿಂಡೋ ಒತ್ತಿ ನೋಡಿ

ಹೊಸ ತಂತ್ರಾಂಶ ಕೈಗೆ ಸಿಕ್ಕಿದಾಗ ನಾನು ಮೊದಲು ಹುಡುಕುವುದು ಮೆನುವಿನಲ್ಲಿ ‘ನ್ಯೂ ವಿಂಡೋ’ ಇದೆಯೇ ಎಂದು. ಖಾಲಿ ಫೈಲು ತೆರೆಯುವ ‘ನ್ಯೂ’ ಅಲ್ಲ. ಈಗಾಗಲೇ ತೆರೆದಿರುವ ಫೈಲಿಗೇ ಇನ್ನೊಂದು ವಿಂಡೋ ಕೊಡುವ ಕಮಾಂಡು ಅದು. ಎಕ್ಸೆಲ್‌ನಲ್ಲೂ ವರ್ಡ್‌ನಲ್ಲೂ ವ್ಯೂ ಟ್ಯಾಬಿನಡಿ ಕೂತಿದೆ. ದಿನವಿಡೀ ಎಕ್ಸೆಲ್ ಮುಂದೆಯೇ ಇರುವ ಅಕೌಂಟ್ಸ್ ವಿಭಾಗದವರಲ್ಲೂ ಬಹಳ ಜನ ಅದನ್ನು ಒತ್ತಿದವರಲ್ಲ.

ಒಮ್ಮೆ ಒತ್ತಿ ನೋಡಿ. ಸಂಬಳದ ಶೀಟೊಂದನ್ನು ತೆರೆದು ನ್ಯೂ ವಿಂಡೋ ಕೊಟ್ಟರೆ ಅದೇ ಶೀಟು ಎರಡು ವಿಂಡೋಗಳಲ್ಲಿ ಬರುತ್ತದೆ. ಫೈಲಿನ ಹೆಸರಿನ ಜೊತೆ 1, 2 ಎಂದು ಅಂಕಿ. ಎರಡನ್ನೂ ಅಕ್ಕಪಕ್ಕ ಇಟ್ಟು, ಬಲಗಡೆಯದರಲ್ಲಿ ಕಂಟ್ರೋಲ್ ಹಿಡಿದುಕೊಂಡು ಟ್ಯಾಬ್ ಕೀಲಿಯ ಮೇಲಿರುವ ಕೀಲಿಯನ್ನು ಒತ್ತಿ. ಈಗ ಎಡಗಡೆ ರೂಪಾಯಿ, ಬಲಗಡೆ ಆ ರೂಪಾಯಿ ಎಲ್ಲಿಂದ ಬಂತೆಂದು ಹೇಳುವ ಸೂತ್ರ. ಬಲಗಡೆ ತುಟ್ಟಿಭತ್ಯೆಯ ಸೂತ್ರ ತಿದ್ದಿ ಎಂಟರ್ ಒತ್ತಿದರೆ ಎಡಗಡೆ ಮೊತ್ತ ಬದಲಾಗುತ್ತದೆ. ಒಂದರಲ್ಲಿ ಝೂಮ್ ಹೆಚ್ಚಿಸಿದರೆ ಇನ್ನೊಂದು ಅಲುಗಾಡುವುದಿಲ್ಲ. ಬೇರೆಯವರು ಮಾಡಿಟ್ಟ ಶೀಟಿನ ಲೆಕ್ಕ ಪರಿಶೀಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಇದನ್ನೇ ಹಳೆಯ ನೋಟ್‌ಪ್ಯಾಡಿನಲ್ಲಿ ಮಾಡಿ. ಒಂದೇ ಫೈಲನ್ನು ಎರಡು ಸಲ ತೆರೆದರೆ ಎರಡು ವಿಂಡೋ ಬರುವುದೇನೋ ನಿಜ, ಆದರೆ ಅವೆರಡಕ್ಕೂ ಪರಸ್ಪರ ಪರಿಚಯವೇ ಇರುವುದಿಲ್ಲ. ಇಲ್ಲೊಂದು ಸಾಲು ಸೇರಿಸಿ ಸೇವ್ ಮಾಡಿ, ಅಲ್ಲೊಂದು ಸಾಲು ಸೇರಿಸಿ ಸೇವ್ ಮಾಡಿ: ಎರಡನೆಯದು ಉಳಿಯಿತು, ಮೊದಲನೆಯದು ಹೋಯಿತು. ಎಚ್ಚರಿಸುವವರೂ ಇಲ್ಲ. ಅಲ್ಲಿರುವುದು ಎರಡು ಪ್ರತಿ. ಎಕ್ಸೆಲ್‌ನ ಒಳಗಿರುವ ಮಾಲು ಒಂದೇ, ಅದು ಕಾಣುವ ಬಗೆ ಮಾತ್ರ ಎರಡು. ಆ ಮಾಲನ್ನು ಪ್ರೋಗ್ರಾಮರುಗಳು ಡಾಕ್ಯುಮೆಂಟು ಎನ್ನುತ್ತಾರೆ, ಕಾಣುವ ಬಗೆಯನ್ನು ವ್ಯೂ ಎನ್ನುತ್ತಾರೆ.

ಇಷ್ಟನ್ನು ಯಾವ ಪಠ್ಯಪುಸ್ತಕವಾದರೂ ಎರಡು ಪುಟದಲ್ಲಿ ಹೇಳಿ ಮುಗಿಸುತ್ತದೆ. ಯಾವುದು ಡಾಕ್ಯುಮೆಂಟಿನ ಬಾಬತ್ತು, ಯಾವುದು ವ್ಯೂನ ಬಾಬತ್ತು ಎಂದು ಗೆರೆ ಎಳೆಯಲು ಕೂತಾಗ ಮಾತ್ರ ಬೆವರು ಬರುತ್ತದೆ. ಒಬ್ಬ ಪ್ರೋಗ್ರಾಮರನ ಕೈ ಎಷ್ಟು ಪಳಗಿದೆ ಎಂದು ತಿಳಿಯಲು ನಾನು ನೋಡುವುದು ಆ ಗೆರೆಯನ್ನೇ.

ಗೆರೆಯನ್ನು ಮೊದಲು ಸ್ಪಷ್ಟವಾಗಿ ಬರೆದಿಟ್ಟವರು ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್. ಹಡಗು ಕಟ್ಟುವ ಕಾರ್ಖಾನೆಗಳಿಗೆ ತಂತ್ರಾಂಶ ಬರೆದು ಬಂದವರು. ಒಂದು ದೊಡ್ಡ ಹಡಗಿಗೋ ಸೇತುವೆಗೋ ಸಾವಿರಾರು ಕೆಲಸಗಳು. ಯಾವುದರ ಹಿಂದೆ ಯಾವುದು ಎಂಬ ಲೆಕ್ಕ. ಅದನ್ನು ಒಬ್ಬರಿಗೆ ಪಟ್ಟಿಯಾಗಿ ನೋಡಬೇಕು, ಇನ್ನೊಬ್ಬರಿಗೆ ದಿನಾಂಕದ ಮೇಲೆ ಎಳೆದ ಪಟ್ಟೆಗಳಾಗಿ, ಮತ್ತೊಬ್ಬರಿಗೆ ಬಾಣಗಳು ಕೂಡಿಸಿದ ಜಾಲವಾಗಿ. 1978-79ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯಕ್ಕೆ ಅತಿಥಿಯಾಗಿ ಹೋದಾಗ, ಅಲ್ಲಿನ ಸ್ಮಾಲ್‌ಟಾಕ್ ಭಾಷೆಯಲ್ಲಿ ಈ ಸಮಸ್ಯೆಯನ್ನು ಬಿಡಿಸಲು ಕೂತರು. 1979ರ ಮೇ ತಿಂಗಳಲ್ಲಿ ಬರೆದ ಟಿಪ್ಪಣಿಯಲ್ಲಿ ನಾಲ್ಕು ಪಾತ್ರಗಳಿದ್ದವು: ಥಿಂಗ್, ಮಾಡೆಲ್, ವ್ಯೂ, ಎಡಿಟರ್. ಡಿಸೆಂಬರ್ ಹೊತ್ತಿಗೆ ಅದು ಮಾಡೆಲ್, ವ್ಯೂ, ಕಂಟ್ರೋಲರ್ ಎಂದು ಮೂರಕ್ಕೆ ಇಳಿಯಿತು. ಮಾಡೆಲ್ ಎಂದರೆ ನಮ್ಮ ಡಾಕ್ಯುಮೆಂಟೇ, ಕಂಟ್ರೋಲರ್ ಎಂದರೆ ಮೌಸು, ಕೀಲಿಗಳ ಸುದ್ದಿ ನೋಡಿಕೊಳ್ಳುವುದು. ಇವತ್ತು ಕ್ಯಾಂಪಸ್ ಇಂಟರ್‌ವ್ಯೂಗೆ ಹೋಗುವ ಇಂಜಿನಿಯರಿಂಗ್ ಹುಡುಗರು ಎಂವಿಸಿ ಎಂದು ಉರುಹೊಡೆಯುವುದು ಇದನ್ನೇ. ಅದರ ಬೇರು ಹಡಗಿನ ಕಾರ್ಖಾನೆಯಲ್ಲಿದೆ ಎಂದು ಅವರಿಗೆ ಹೇಳಿಕೊಡುವುದಿಲ್ಲ. ಹೇಳಿದ್ದರೆ ಎಂವಿಸಿ ಯಾಕೆ ಬೇಕಾಯಿತೆಂದು ಉರುಹೊಡೆಯದೆಯೂ ತಿಳಿಯುತ್ತಿತ್ತು.

ಆಪಲ್‌ನ ಮ್ಯಾಕ್‌ಆ್ಯಪ್ 1985ರಲ್ಲೇ ಡಾಕ್ಯುಮೆಂಟು ಮತ್ತು ವ್ಯೂ ಎಂಬ ಎರಡು ಕ್ಲಾಸುಗಳನ್ನು ಸಿದ್ಧಮಾಡಿ ಕೊಟ್ಟಿತ್ತು. ಆದರೆ ನಮ್ಮೂರಿನ ಪ್ರೋಗ್ರಾಮರುಗಳು ಇದನ್ನು ಕಲಿತದ್ದು ಬಹುಪಾಲು ಮೈಕ್ರೋಸಾಫ್ಟಿನ ಕ್ಲಾಸ್ ಲೈಬ್ರರಿಯಾದ ಎಂಎಫ್‌ಸಿಯಿಂದ. 1993ರಲ್ಲಿ ವಿಷುವಲ್ ಸಿ++ ಮೊದಲ ಆವೃತ್ತಿಯ ಜೊತೆ ಬಂದ ಎಂಎಫ್‌ಸಿ 2.0ರಲ್ಲಿ ಡಾಕ್ಯುಮೆಂಟ್-ವ್ಯೂ ಏರ್ಪಾಡು ಸೇರಿತು. ಆ್ಯಪ್‌ವಿಝರ್ಡ್ ಕೇಳುವ ನಾಲ್ಕು ಪ್ರಶ್ನೆಗೆ ಉತ್ತರ ಕೊಟ್ಟರೆ ಟೂಲ್‌ಬಾರ್, ಪ್ರಿಂಟ್ ಪ್ರಿವ್ಯೂ ಸಮೇತ ಓಡುವ ಪ್ರೋಗ್ರಾಮು ಕೈಗೆ. ಅದರೊಳಗೆ ನೀವು ಬರೆಯಬೇಕಾದ ಎರಡು ಖಾಲಿ ಜಾಗ: ಸಿಡಾಕ್ಯುಮೆಂಟ್‌ನಿಂದ ಹುಟ್ಟಿದ ನಿಮ್ಮ ಕ್ಲಾಸು, ಸಿವ್ಯೂನಿಂದ ಹುಟ್ಟಿದ ಇನ್ನೊಂದು. ಕಂಟ್ರೋಲರನ್ನು ಮೈಕ್ರೋಸಾಫ್ಟಿನವರು ವ್ಯೂ ಒಳಗೇ ನುಂಗಿಸಿಬಿಟ್ಟಿದ್ದರು. ವಿಂಡೋಸ್‌ನಲ್ಲಿ ಮೌಸಿನ ಸುದ್ದಿ ನೇರ ವಿಂಡೋಗೇ ಬರುವುದರಿಂದ ಅದು ತಪ್ಪೂ ಅಲ್ಲ.

ಎಂಎಫ್‌ಸಿ ಕಲಿಸಲು ಸ್ಕ್ರಿಬಲ್ ಎಂಬ ಪುಟ್ಟ ಪ್ರೋಗ್ರಾಮಿತ್ತು. ಮೌಸಿನಿಂದ ಗೀಚುವುದು, ಅಷ್ಟೇ. ಒಂದೊಂದು ಗೀಟೂ ಡಾಕ್ಯುಮೆಂಟಿನ ಪಟ್ಟಿಯಲ್ಲಿ ಒಂದೊಂದು ಸ್ಟ್ರೋಕ್. ನ್ಯೂ ವಿಂಡೋ ಕೊಟ್ಟು, ಒಂದರಲ್ಲಿ ಗೀಚಿ ಮೌಸು ಬಿಟ್ಟ ತಕ್ಷಣ ಇನ್ನೊಂದರಲ್ಲೂ ಗೀಟು ಮೂಡುತ್ತದೆ. ನಡೆದದ್ದು ಇಷ್ಟು: ಮೊದಲ ವ್ಯೂ ಗೀಟನ್ನು ಡಾಕ್ಯುಮೆಂಟಿಗೆ ಒಪ್ಪಿಸಿ ‘ಅಪ್‌ಡೇಟ್‌ಆಲ್‌ವ್ಯೂಸ್’ ಎಂದು ಕರೆಯಿತು. ಡಾಕ್ಯುಮೆಂಟು ತನ್ನ ಬಳಿಯಿರುವ ವ್ಯೂಗಳ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ‘ಆನ್‌ಅಪ್‌ಡೇಟ್’ ಎಂದು ಸುದ್ದಿ ಮುಟ್ಟಿಸಿತು. ಆ ಪಟ್ಟಿಯಲ್ಲಿ ಯಾರಿದ್ದಾರೆ, ಹೇಗೆ ಬಿಡಿಸುತ್ತಾರೆ, ಎಷ್ಟು ದೊಡ್ಡದಾಗಿ ತೋರಿಸುತ್ತಾರೆ ಎಂಬ ಯಾವ ಗೊಡವೆಯೂ ಡಾಕ್ಯುಮೆಂಟಿಗಿಲ್ಲ.

ಈ ಕರೆಯಲ್ಲಿ ಮೂರು ಆರ್ಗ್ಯುಮೆಂಟುಗಳಿವೆ. ಮೊದಲನೆಯದು ಕಳಿಸಿದವರು ಯಾರು ಎಂಬುದು. ಅವರಿಗೆ ಮಾತ್ರ ಸುದ್ದಿ ಹೋಗುವುದಿಲ್ಲ, ತಮ್ಮ ಪರದೆಯಲ್ಲಿ ಅವರು ಆಗಲೇ ಬಿಡಿಸಿಕೊಂಡಿದ್ದಾರೆ ಎಂಬ ನಂಬಿಕೆಯಿಂದ. ಉಳಿದೆರಡು ಸುಳುಹು, ಅಂದರೆ ಹಿಂಟ್. ಬಹಳಷ್ಟು ಜನ ಹಿಂಟನ್ನು ಸೊನ್ನೆಯಾಗಿಯೇ ಬಿಟ್ಟುಬಿಡುತ್ತಾರೆ. ಮನೆಗೆ ಯಾರೋ ಬಂದಿದ್ದಾರೆ ಅನ್ನುವುದಕ್ಕೂ ಮೈಸೂರಿನ ಚಿಕ್ಕಪ್ಪ ಬಂದಿದ್ದಾರೆ ಅನ್ನುವುದಕ್ಕೂ ಇರುವಷ್ಟು ವ್ಯತ್ಯಾಸ ಅದರಲ್ಲಿದೆ. ಸುಳುಹಿಲ್ಲದ ಸುದ್ದಿ ಬಂದರೆ ವ್ಯೂ ಪರದೆಯನ್ನು ಪೂರ್ತಿ ಅಳಿಸಿ ಪೂರ್ತಿ ಬಿಡಿಸಬೇಕು. ಕಣ್ಣಿಗೆ ಮಿಣುಕು ಹೊಡೆಯುತ್ತದೆ. ಸ್ಕ್ರಿಬಲ್ ಇದನ್ನು ಚೆನ್ನಾಗಿ ಮಾಡುತ್ತಿತ್ತು: ಹೊಸ ಸ್ಟ್ರೋಕನ್ನೇ ಹಿಂಟಾಗಿ ಕಳಿಸುತ್ತಿತ್ತು, ಆ ಸ್ಟ್ರೋಕ್ ತನ್ನನ್ನು ಸುತ್ತುವ ಆಯತ ಯಾವುದೆಂದು ತಿಳಿದಿರುತ್ತಿತ್ತು, ಇನ್ನೊಂದು ವ್ಯೂ ಅಷ್ಟು ಜಾಗವನ್ನು ಮಾತ್ರ ಮತ್ತೆ ಬಿಡಿಸುತ್ತಿತ್ತು.

ಆದರೆ ಕಳಿಸಿದವರನ್ನು ಬಿಟ್ಟು ಉಳಿದವರಿಗೆ ಹೇಳುವ ಪದ್ಧತಿ ನನಗೆ ಹಿಡಿಸಿಲ್ಲ. ಅದರಿಂದ ಒಂದೇ ಚಿತ್ರವನ್ನು ಬಿಡಿಸಲು ಎರಡು ದಾರಿ ಹುಟ್ಟುತ್ತವೆ. ಮೌಸು ಆಡುತ್ತಿರುವಾಗ ಗೀಚುವ ಕೋಡು ಒಂದು, ‘ಆನ್‌ಡ್ರಾ’ದಲ್ಲಿ ಡಾಕ್ಯುಮೆಂಟು ನೋಡಿ ಬಿಡಿಸುವ ಕೋಡು ಇನ್ನೊಂದು. ಇವತ್ತಲ್ಲದಿದ್ದರೆ ನಾಳೆ ಅವೆರಡರ ನಡುವೆ ಒಂದು ಪಿಕ್ಸೆಲ್ ಹೆಚ್ಚುಕಮ್ಮಿ ಆಗಿಯೇ ಆಗುತ್ತದೆ. ಗೀಚಿದವನ ಪರದೆಯಲ್ಲಿ ಗೀಟು ದಪ್ಪ, ಪಕ್ಕದ ವಿಂಡೋದಲ್ಲಿ ಸಪೂರ. ವಿಂಡೋ ಮುಚ್ಚಿ ತೆರೆದರೆ ಇಲ್ಲೂ ಸಪೂರ. ಇಂಥ ಬಗ್ ಹಿಡಿಯಲು ಹೋದವರಿಗೆ ಗೊತ್ತು ಅದರ ಕಷ್ಟ. ಕಳಿಸಿದವರಿಗೂ ಸುದ್ದಿ ಹೋಗಲಿ, ಎಲ್ಲರೂ ಡಾಕ್ಯುಮೆಂಟು ನೋಡಿಯೇ ಬಿಡಿಸಲಿ ಎಂಬುದು ನನ್ನ ಮತ. ಕಳಿಸಿದವರ ಜಾಗದಲ್ಲಿ ನಲ್ ಕೊಟ್ಟರೆ ಎಂಎಫ್‌ಸಿಯಲ್ಲೂ ಹೀಗೆ ಮಾಡಬಹುದು.

ಇನ್ನು ಗೆರೆಯ ವಿಷಯ. ಚೌಕದೊಳಗಿನ ಅಂಕಿ ಡಾಕ್ಯುಮೆಂಟಿನದು, ಝೂಮ್ ವ್ಯೂನದು, ಇಲ್ಲಿ ತಕರಾರಿಲ್ಲ. ಫಿಲ್ಟರ್? ಎಕ್ಸೆಲ್‌ನಲ್ಲಿ ಎರಡು ವಿಂಡೋ ತೆರೆದು, ಒಂದರಲ್ಲಿ ಮೈಸೂರು ಶಾಖೆಯವರನ್ನು ಮಾತ್ರ ಉಳಿಸಿ ಫಿಲ್ಟರ್ ಹಾಕಿ. ಪಕ್ಕದ ವಿಂಡೋದಲ್ಲೂ ಉಳಿದ ಸಾಲುಗಳು ಮಾಯ! ಸಾಲು ಮುಚ್ಚುವುದನ್ನು ಎಕ್ಸೆಲ್ ಶೀಟಿನ ಗುಣವೆಂದು ಎಣಿಸಿದೆ, ನೋಡುವವರ ಇಷ್ಟವೆಂದು ಅಲ್ಲ. ಸೂತ್ರ ತೋರಿಸುವುದು, ಗ್ರಿಡ್ ಗೆರೆ, ಫ್ರೀಜ್ ಪೇನ್ ಎಲ್ಲವೂ ವಿಂಡೋದ ಬಾಬತ್ತು, ಫಿಲ್ಟರ್ ಮಾತ್ರ ಶೀಟಿನ ಬಾಬತ್ತು. ಒಬ್ಬರೇ ಕೂತು ಕೆಲಸ ಮಾಡುತ್ತಿದ್ದ ಕಾಲದಲ್ಲಿ ಇದು ಯಾರಿಗೂ ದೊಡ್ಡದಾಗಿ ಚುಚ್ಚಲಿಲ್ಲ. ಒಂದೇ ಶೀಟನ್ನು ಹತ್ತು ಜನ ಬೇರೆ ಬೇರೆ ಊರಿನಿಂದ ತೆರೆದು ತಿದ್ದುವ ಕಾಲ ಬಂತು ನೋಡಿ, ಆಗ ಚುಚ್ಚಿತು. ಹುಬ್ಬಳ್ಳಿಯವರು ಫಿಲ್ಟರ್ ಹಾಕಿದರೆ ಬೆಂಗಳೂರಿನವರ ಕಣ್ಣೆದುರಿನ ಸಾಲುಗಳು ಕಾಣೆ. ಅದಕ್ಕೇ ಎಕ್ಸೆಲ್‌ನವರು ಶೀಟ್ ವ್ಯೂ ಎಂಬುದನ್ನು ತಂದರು, ಗೂಗಲ್ ಶೀಟ್ಸ್‌ನಲ್ಲಿ ಫಿಲ್ಟರ್ ವ್ಯೂ ಇದೆ. ನನ್ನ ಫಿಲ್ಟರ್ ನನಗೆ, ನಿಮ್ಮದು ನಿಮಗೆ. ಗೆರೆಯನ್ನು ಒಂದಿಷ್ಟು ಸರಿಸಿದರು ಅಷ್ಟೇ, ಅದಕ್ಕೊಂದು ಹೊಸ ಹೆಸರು ಸಿಕ್ಕಿತು.

ಈಮ್ಯಾಕ್ಸ್ ಎಡಿಟರ್ ಬಳಸುವವರಿಗೆ ಈ ನೋವು ಹೊಸದಲ್ಲ. ಅಲ್ಲಿ ಒಂದು ಬಫರನ್ನು, ಅಂದರೆ ತೆರೆದ ಫೈಲನ್ನು, ಎರಡು ವಿಂಡೋಗಳಲ್ಲಿ ತೋರಿಸಿದರೆ ಕರ್ಸರು ಎರಡಕ್ಕೂ ಬೇರೆ ಬೇರೆ. ಆದರೆ ಫೈಲಿನ ಒಂದು ಭಾಗವನ್ನಷ್ಟೇ ಉಳಿಸಿ ಬಾಕಿಯನ್ನು ಮರೆಮಾಡುವ ನ್ಯಾರೋಯಿಂಗ್ ಮಾತ್ರ ಬಫರಿಗೆ ಅಂಟಿಕೊಂಡದ್ದು. ಒಂದು ವಿಂಡೋದಲ್ಲಿ ಮಾಡಿದರೆ ಇನ್ನೊಂದಕ್ಕೂ ಬಡಿಯುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ಇಂಡೈರೆಕ್ಟ್ ಬಫರ್ ಎಂಬ ಉಪಾಯ ಹೂಡಿದರು: ಅಕ್ಷರಗಳು ಮೂಲ ಬಫರಿನವು, ನ್ಯಾರೋಯಿಂಗ್ ಸ್ವಂತದ್ದು. ಇನ್ನೊಂದು ಎಡಿಟರಾದ ವಿಮ್‌ನಲ್ಲಿ ಸಾಲುಗಳನ್ನು ಮಡಚಿಡುವ ಫೋಲ್ಡ್ ವಿಂಡೋದ ಆಸ್ತಿ, ಆದ್ದರಿಂದ ಆ ರಗಳೆಯೇ ಇಲ್ಲ. ಈ ಒಂದು ವಿಷಯದಲ್ಲಿ ನನ್ನ ಮತ ವಿಮ್‌ಗೆ. ಈಮ್ಯಾಕ್ಸ್ ಮಿತ್ರರು ಕ್ಷಮಿಸಬೇಕು.

ಸೆಲೆಕ್ಷನ್ ಇನ್ನೂ ಸೂಕ್ಷ್ಮ. ಎರಡು ವಿಂಡೋಗಳಲ್ಲಿ ಬೇರೆ ಬೇರೆ ಜಾಗ ಆರಿಸಿಟ್ಟು ಕೆಲಸ ಮಾಡಬೇಕೆಂದರೆ ಅದು ವ್ಯೂನದಾಗಿರಬೇಕು. ಆದರೆ ಎಡಗಡೆ ಫೋಟೋಗಳ ಪಟ್ಟಿ, ಬಲಗಡೆ ಅವೇ ಫೋಟೋಗಳ ಚಿಕ್ಕ ಚಿತ್ರ ಇದೆ ಅನ್ನಿ. ಅಲ್ಲಿ ಹೆಸರು ಆರಿಸಿದರೆ ಇಲ್ಲಿ ಚಿತ್ರವೂ ಆರಿಸಿಕೊಳ್ಳಬೇಕು ಎಂದು ಬಳಕೆದಾರರು ಬಯಸುತ್ತಾರೆ. ಈಗ ಸೆಲೆಕ್ಷನ್ ಯಾರದು? ಕ್ಯೂಟ್ ಎಂಬ ಲೈಬ್ರರಿಯವರ ಉತ್ತರ ನನಗೆ ಬಲು ಇಷ್ಟ. ಅವರು ಸೆಲೆಕ್ಷನ್ನನ್ನು ಮಾಡೆಲ್‌ಗೂ ಕೊಡಲಿಲ್ಲ, ವ್ಯೂಗೂ ಕೊಡಲಿಲ್ಲ, ಅದಕ್ಕೇ ಒಂದು ಪ್ರತ್ಯೇಕ ವಸ್ತು ಮಾಡಿದರು. ಎರಡು ವ್ಯೂಗಳು ಬೇಕಾದರೆ ಒಂದೇ ಸೆಲೆಕ್ಷನ್ ಮಾಡೆಲ್ ಹಂಚಿಕೊಳ್ಳಬಹುದು, ಬೇಡವಾದರೆ ತಮ್ಮ ತಮ್ಮದು. ಕೋಡಿನಲ್ಲಿ ಒಂದು ಸಾಲಿನ ವ್ಯತ್ಯಾಸ.

ಅನ್‌ಡೂ ಬಗ್ಗೆ ಗೊಂದಲ ಇರಬಾರದು, ಅದು ಡಾಕ್ಯುಮೆಂಟಿನದೇ. ಬದಲಾವಣೆ ಯಾವ ವಿಂಡೋದಿಂದ ಬಂದರೂ ಸೇರುವುದು ಒಂದೇ ಸರಣಿಗೆ. ಆದರೂ ಎಕ್ಸೆಲ್ ಇಲ್ಲಿ ವಿಚಿತ್ರ ಮಾಡಿದೆ: ಅನ್‌ಡೂ ಸರಣಿಯನ್ನು ಇಡೀ ಪ್ರೋಗ್ರಾಮಿಗೆ ಒಂದೇ ಇಟ್ಟಿದೆ. ಎರಡು ಬೇರೆ ಬೇರೆ ಫೈಲು ತೆರೆದುಕೊಂಡು, ಮೊದಲು ಬಜೆಟ್ಟಿನಲ್ಲಿ, ಆಮೇಲೆ ಹಾಜರಿಯಲ್ಲಿ ಏನೋ ತಿದ್ದಿ, ಬಜೆಟ್ಟಿಗೆ ವಾಪಸ್ ಬಂದು ಕಂಟ್ರೋಲ್-ಝಡ್ ಒತ್ತಿ. ಹಿಂದಕ್ಕೆ ಹೋಗುವುದು ಹಾಜರಿ! ಕಂಪನಿಯ ಹಣ ಎಕ್ಸೆಲ್‌ನಲ್ಲಿ ಲೆಕ್ಕವಾಗುತ್ತಿದೆ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಅನ್‌ಡೂವಿನ ಜೊತೆಗೇ ಬರುವುದು ‘ಸೇವ್ ಮಾಡಬೇಕೇ?’ ಎಂಬ ಪ್ರಶ್ನೆ. ಎಂಎಫ್‌ಸಿಯ ಡಾಕ್ಯುಮೆಂಟಿನಲ್ಲಿ ತಿದ್ದಿದೆಯೇ ಎಂಬುದಕ್ಕೆ ಹೌದು-ಇಲ್ಲ ಎನ್ನುವ ಒಂದು ಬಾವುಟ ಮಾತ್ರ. ಹತ್ತು ಸಲ ತಿದ್ದಿ, ಹತ್ತೂ ಅನ್‌ಡೂ ಮಾಡಿ, ಫೈಲು ಮೊದಲಿದ್ದಂತೆಯೇ ಆದರೂ ನೀವಾಗಿ ಇಳಿಸದಿದ್ದರೆ ಬಾವುಟ ಹಾರುತ್ತಲೇ ಇರುತ್ತದೆ, ಮುಚ್ಚುವಾಗ ಸೇವ್ ಮಾಡಬೇಕೇ ಎಂದು ಕೇಳುತ್ತದೆ. ಮ್ಯಾಕಿನ ಎನ್‌ಎಸ್‌ಡಾಕ್ಯುಮೆಂಟ್ ಬಾವುಟದ ಬದಲು ಎಣಿಕೆ ಇಟ್ಟಿತು: ತಿದ್ದಿದರೆ ಒಂದು ಕೂಡು, ಅನ್‌ಡೂ ಮಾಡಿದರೆ ಒಂದು ಕಳೆ, ಸೊನ್ನೆಗೆ ಬಂದರೆ ಸುಮ್ಮನಿರು. ಇಷ್ಟು ಸಣ್ಣ ಸಂಗತಿ, ಆದರೆ ಬಳಸುವವರ ಮನಸ್ಸಿನಲ್ಲಿ ಪ್ರೋಗ್ರಾಮಿನ ಮೇಲಿನ ನಂಬಿಕೆ ಏರುವುದು, ಇಳಿಯುವುದು ಇಂಥದ್ದರಿಂದಲೇ. ಎರಡು ವಿಂಡೋ ಇದ್ದಾಗ ಒಂದನ್ನು ಮುಚ್ಚಿದರೆ ಈ ಪ್ರಶ್ನೆ ಬರಲೇಬಾರದು, ಕೊನೆಯದನ್ನು ಮುಚ್ಚುವಾಗ ಮಾತ್ರ ಬರಬೇಕು. ಇದನ್ನು ಎಂಎಫ್‌ಸಿ ಸರಿಯಾಗಿಯೇ ಮಾಡಿದೆ. ಫ್ರೇಮು ಮುಚ್ಚುವ ಮೊದಲು ಈ ಡಾಕ್ಯುಮೆಂಟಿಗೆ ಬೇರೆ ಫ್ರೇಮು ಇದೆಯೇ ಎಂದು ನೋಡುತ್ತದೆ, ಇದ್ದರೆ ಚಕಾರವೆತ್ತದೆ ಬಿಡುತ್ತದೆ.

ಎಂಎಫ್‌ಸಿಯ ಇನ್ನೊಂದು ಗುಣ ಮಾತ್ರ ಹೊಸಬರ ಕಾಲಿಗೆ ತೊಡರುತ್ತಿತ್ತು. ಒಂದೇ ಡಾಕ್ಯುಮೆಂಟು ತೆರೆಯುವ ಎಸ್‌ಡಿಐ ಪ್ರೋಗ್ರಾಮಿನಲ್ಲಿ ಫೈಲ್-ನ್ಯೂ ಒತ್ತಿದಾಗ ಎಂಎಫ್‌ಸಿ ಹೊಸ ಡಾಕ್ಯುಮೆಂಟು ಸೃಷ್ಟಿಸುವುದಿಲ್ಲ, ಹಳೆಯದನ್ನೇ ಗುಡಿಸಿ ಮತ್ತೆ ಬಳಸುತ್ತದೆ. ಆರಂಭದ ಬೆಲೆಗಳನ್ನೆಲ್ಲ ಕನ್‌ಸ್ಟ್ರಕ್ಟರಿನಲ್ಲಿ ಇಟ್ಟವರಿಗೆ ಎರಡನೆಯ ಫೈಲಿನಲ್ಲಿ ಮೊದಲ ಫೈಲಿನ ಭೂತ ಕಾಣಿಸಿಕೊಳ್ಳುತ್ತಿತ್ತು. ‘ಡಿಲೀಟ್‌ಕಂಟೆಂಟ್ಸ್’ ಬರೆಯದೆ ಮುಕ್ತಿಯಿಲ್ಲ.

ಕನ್ನಡದವರಿಗೆ ಈ ಗೆರೆಯ ಬೆಲೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕು, ಏಕೆಂದರೆ ನಾವು ವರ್ಷಗಟ್ಟಲೆ ವ್ಯೂವನ್ನೇ ಡಾಕ್ಯುಮೆಂಟೆಂದು ಸೇವ್ ಮಾಡಿದವರು. ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಬರೆದ ಫೈಲಿನೊಳಗೆ ಇರುತ್ತಿದ್ದುದು ಅಕ್ಷರವಲ್ಲ, ಅಕ್ಷರದ ತುಂಡುಗಳ ಆಕಾರ: ತಲೆಕಟ್ಟು, ಕೊಂಬು, ಒತ್ತು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಗ್ಗ. ‘ಸೂರ್ಯ’ ಎಂಬ ಪದ ತೆಗೆದುಕೊಳ್ಳಿ. ಯೂನಿಕೋಡ್ ಫೈಲಿನಲ್ಲಿ ಅದು ಉಚ್ಚಾರದ ಕ್ರಮದಲ್ಲೇ ಇರುತ್ತದೆ: ಸ, ಊಕಾರದ ಚಿಹ್ನೆ, ರ, ಸ್ವರ ಕಳೆಯುವ ವಿರಾಮ ಚಿಹ್ನೆ, ಯ. ಪರದೆಯ ಮೇಲೆ ಆ ರಕಾರ ಅರ್ಕಾವೊತ್ತಾಗಿ ಯಕಾರದ ಬಲಕ್ಕೆ ಹೋಗಿ ಕೂರುವುದು ವ್ಯೂನ ಕೆಲಸ. ಹಳೆಯ ಫಾಂಟಿನ ಫೈಲಿನಲ್ಲಿ ಅರ್ಕಾವೊತ್ತು ಯಕಾರದ ನಂತರವೇ ದಾಖಲಾಗುತ್ತಿತ್ತು, ಕಣ್ಣಿಗೆ ಕಂಡಂತೆ. ಪ್ರಿಂಟ್ ತೆಗೆಯುವಷ್ಟರಲ್ಲಿ ಏನೂ ತೊಂದರೆಯಿಲ್ಲ. ಹುಡುಕಲು ಹೋದಾಗ, ಅಕಾರಾದಿಯಲ್ಲಿ ಜೋಡಿಸಲು ಹೋದಾಗ ಬಣ್ಣ ಬಯಲು. ನುಡಿ, ಬರಹ ತಂತ್ರಾಂಶಗಳೆರಡೂ ಆಮೇಲೆ ಯೂನಿಕೋಡಿಗೆ ಬಂದವು. ಹಳೆಯ ಫೈಲುಗಳನ್ನು ಪರಿವರ್ತಿಸುವ ಸಾಧನಗಳೂ ಬಂದವು. ಆ ಸಾಧನಗಳ ಒಳಗೆ ಅರ್ಕಾವೊತ್ತನ್ನು ಹಿಡಿದು ಅಕ್ಷರದ ಹಿಂದಕ್ಕೆ ಸರಿಸುವ ಕೋಡು ಇರಲೇಬೇಕು. ಪತ್ರಿಕಾ ಕಚೇರಿಗಳ ಹಳೆಯ ಸಂಚಿಕೆಗಳು, ಪ್ರಕಾಶಕರ ಪೇಜ್‌ಮೇಕರ್ ಫೈಲುಗಳು ಎಷ್ಟೋ ಇನ್ನೂ ಅದೇ ಸ್ಥಿತಿಯಲ್ಲಿವೆ.

ಯೂನಿಕೋಡ್ ಬಂದಮೇಲೂ ವ್ಯೂ ಬರೆಯುವವರಿಗೆ ಬಿಡುವಿಲ್ಲ. ‘ಲಕ್ಷ್ಮಿ’ ಡಾಕ್ಯುಮೆಂಟಿನಲ್ಲಿ ಏಳು ಸಂಕೇತ, ಪರದೆಯಲ್ಲಿ ಎರಡೇ ಅಕ್ಷರ. ಬಾಣದ ಕೀಲಿ ಒತ್ತಿದರೆ ಕರ್ಸರು ಎರಡು ಹೆಜ್ಜೆಯಲ್ಲಿ ದಾಟಬೇಕು. ಬ್ಯಾಕ್‌ಸ್ಪೇಸ್ ಒತ್ತಿದರೆ ಬಹುತೇಕ ಎಡಿಟರುಗಳಲ್ಲಿ ಹೋಗುವುದು ಒಂದು ಸಂಕೇತ ಮಾತ್ರ, ಅಂದರೆ ಇಲ್ಲಿ ಗುಡಿಸು. ನಡೆಯುವಾಗ ಅಕ್ಷರದ ಲೆಕ್ಕ, ಅಳಿಸುವಾಗ ಸಂಕೇತದ ಲೆಕ್ಕ. ಟೈಪಿಂಗಿನಲ್ಲಿ ಒಂದು ಒತ್ತು ತಪ್ಪಿದಾಗ ಇಡೀ ಅಕ್ಷರ ಹೋಗಬಾರದಲ್ಲ, ಹಾಗಾಗಿ ಇದೇ ಸರಿ.

ಇಲ್ಲಿಂದಲೇ ಹುಟ್ಟಿದ್ದು ನನ್ನ ಅತಿ ಕಠಿಣ ಪರೀಕ್ಷೆ. ಎಡಿಟರಿನಲ್ಲಿ ನ್ಯೂ ವಿಂಡೋ ಕೊಟ್ಟು, ಎರಡರಲ್ಲೂ ‘ಕತ’ ಎಂಬ ಎರಡಕ್ಷರ ಕಾಣುವಂತೆ ಇಡಿ. ಎರಡನೆಯ ವಿಂಡೋದಲ್ಲಿ ಕರ್ಸರನ್ನು ಕ ಮತ್ತು ತ ನಡುವೆ ನಿಲ್ಲಿಸಿ. ಈಗ ಮೊದಲ ವಿಂಡೋಗೆ ಬಂದು ಅದೇ ಜಾಗದಲ್ಲಿ ವಿರಾಮ ಚಿಹ್ನೆ ಸೇರಿಸಿ. ಎರಡೂ ಕಡೆ ‘ಕ್ತ’ ಆಯಿತು. ಎರಡನೆಯ ವಿಂಡೋದ ಕರ್ಸರು ಈಗೆಲ್ಲಿ? ಅದು ನಿಂತಿದ್ದ ಜಾಗವೇ ಇಲ್ಲವಾಗಿದೆ. ಅದಿರುವುದು ಒಂದು ಒತ್ತಕ್ಷರದ ಹೊಟ್ಟೆಯೊಳಗೆ. ಡಾಕ್ಯುಮೆಂಟಿಗೆ ಇದು ಗೊತ್ತಾಗಬಾರದು, ಅದಕ್ಕೆ ಅಕ್ಷರಗಳ ಅಂದಚೆಂದದ ಗೊಡವೆಯಿಲ್ಲ. ಸುದ್ದಿ ಮುಟ್ಟಿದ ವ್ಯೂ ತಾನೇ ತನ್ನ ಕರ್ಸರನ್ನು ಒಮ್ಮೆ ನೋಡಿಕೊಂಡು, ಗಡಿಯಲ್ಲಿಲ್ಲವೆಂದು ಕಂಡು, ಎಡಕ್ಕೋ ಬಲಕ್ಕೋ ಸರಿಸಿಕೊಳ್ಳಬೇಕು. ಹಾಗೆ ಸರಿಸಿಕೊಂಡ ಎಡಿಟರಿಗೆ ನನ್ನಿಂದ ಪೂರ್ತಿ ಅಂಕ. ಅಕ್ಷರದ ನಡುವೆಯೇ ಕರ್ಸರು ಮಿನುಗುತ್ತ ನಿಂತು, ಮುಂದೆ ಟೈಪ್ ಮಾಡಿದ್ದು ಒತ್ತಕ್ಷರವನ್ನು ಸೀಳಿಕೊಂಡು ಒಳಗೆ ನುಗ್ಗಿದರೆ, ಆ ಎಡಿಟರು ಬರೆದವರು ನ್ಯೂ ವಿಂಡೋವನ್ನು ಇಂಗ್ಲಿಷ್ ಫೈಲಿನಲ್ಲಿ ಮಾತ್ರ ಒತ್ತಿ ನೋಡಿದ್ದಾರೆ.